ಡಬ್ಬಿ ಅವರದು ಇರಬಹುದು, ಒಳಗಿನ ಲೆಕ್ಕ ನಮ್ಮದು

ಮೂರು ವಾರದಿಂದ ಇಲ್ಲಿ ಏನೂ ಬರೆದಿರಲಿಲ್ಲ. ದಾಳಿಂಬೆ ಕಟಾವು ಹತ್ತಿರ ಬಂತು, ಕೆಲಸ ಜಾಸ್ತಿ ಇರಬೇಕು ಅಂತ ಕೆಲವರು ಅಂದ್ಕೊಂಡಿದ್ರಂತೆ. ಕೆಲಸ ಇತ್ತು, ಆದ್ರೆ ಕಟಾವಿನದ್ದಲ್ಲ. ಬೋರಿಂದ ಮೋಟ್ರು ಎತ್ತೋದು, ವೈಂಡಿಂಗ್ ಅಂಗಡಿ ಮುಂದೆ ಕೂರೋದು, ಟ್ಯಾಂಕರಿನವರ ಹಿಂದೆ ಬೀಳೋದು, ಮೋಟ್ರು ಮತ್ತೆ ಇಳಿಸೋದು. ಇಷ್ಟಕ್ಕೆಲ್ಲ ಕಾರಣ ನನ್ನ ಮೊಬೈಲ್ ಸ್ಟಾರ್ಟರ್ ಡಬ್ಬಿ. ಫೆಬ್ರವರಿ ಕೊನೇ ವಾರದ ಒಂದು ರಾತ್ರಿ ಅದು ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಆಯ್ತು. ಆಗುವಾಗ, ಸುಮಾರು ನಾಲ್ಕು ವರ್ಷದಿಂದ ನಾನು ಒಂದೊಂದೇ ನೋಡಿ ನೋಡಿ ಕೂರಿಸಿದ್ದ ಸೆಟ್ಟಿಂಗ್ ಅಷ್ಟನ್ನೂ ಅಳಿಸಿ ಹಾಕ್ತು.

ಕಂಪನಿ ಹೆಸರು ಬರೆಯಲ್ಲ. ದೂರು ಕೊಟ್ಟಿದ್ದೀನಿ, ಅದರ ದಾರಿ ಅದು ನೋಡ್ಕೊಳ್ಳುತ್ತೆ. ಹೆಸರು ಬರೆದರೆ ಇದು ಒಂದು ಕಂಪನಿ ಮೇಲಿನ ಸಿಟ್ಟು ಅಂತಾಗುತ್ತೆ. ನನ್ನ ಸಿಟ್ಟು ಇರೋದು ಇಂಥ ಡಬ್ಬಿ ಮಾರೋರೆಲ್ಲರ ಒಂದು ನಂಬಿಕೆ ಮೇಲೆ. ಡಬ್ಬಿ ಮಾರಿದ ಮೇಲೂ ಅದರ ಒಳಗೆ ಏನಿರಬೇಕು, ಏನು ಹೋಗಬೇಕು ಅಂತ ತೀರ್ಮಾನ ಮಾಡೋರು ತಾವೇ ಅನ್ನೋ ನಂಬಿಕೆ ಅದು.

ಮೊದಲು ಆ ರಾತ್ರಿಯದ್ದು ಹೇಳ್ತೀನಿ. ಆ ವಾರ ನಮಗೆ ರಾತ್ರಿ ಪಾಳಿ, ಹನ್ನೊಂದಕ್ಕೆ ತ್ರೀಫೇಸ್ ಬರೋದು, ಬೆಳಗ್ಗೆ ಆರಕ್ಕೆ ಹೋಗೋದು. ಹಸ್ತ ಬಹಾರ್ ಹಣ್ಣು, ಬಣ್ಣ ಏರ್ತಾ ಇತ್ತು. ಮೂರು ಎಕರೆ, ಹತ್ತಿರ ಹತ್ತಿರ ಒಂಬೈನೂರು ಗಿಡ. ಎರಡು ದಿನದ ಹಿಂದೆ ಫೋನಿನಲ್ಲಿ "ಅಪ್‌ಡೇಟ್ ಬಂದಿದೆ" ಅಂತ ಬಂದಿತ್ತು. "ಆಮೇಲೆ" ಅಂತ ಒತ್ತಿದೆ. ಮಾರನೇ ದಿನ ಮತ್ತೆ ಬಂತು, ಮತ್ತೆ "ಆಮೇಲೆ" ಒತ್ತಿದೆ. ಬೆಳೆ ಮೇಲಿರೋವಾಗ ಏನನ್ನೂ ಮುಟ್ಟಬಾರದು ಅನ್ನೋದು ನನ್ನ ಅಭ್ಯಾಸ. ಮೂರನೇ ಸಲ ಕೇಳಲೇ ಇಲ್ಲ. ರಾತ್ರಿ ಒಂದೂವರೆ ದಾಟಿ ನಾಲ್ಕು ನಿಮಿಷಕ್ಕೆ ಡಬ್ಬಿ ಆಫ್ ಆಗಿ ಆನ್ ಆಗಿದೆ. ಇದು ನನಗೆ ಆಮೇಲೆ ಆಪ್‌ನಲ್ಲೇ ಸಿಕ್ಕಿದ್ದು. ಆನ್ ಆದ ಕೂಡಲೇ ಮೋಟ್ರು ಶುರು ಮಾಡಿದೆ. ಶುರು ಮಾಡಿ ಹಾಗೇ ಓಡಿಸಿದೆ. ನೀರು ಮುಗಿದ ಮೇಲೂ ಓಡಿಸಿದೆ.

ಬೆಳಗ್ಗೆ ಆರೂಕಾಲಿಗೆ ನಾನು ಹೋದಾಗ ಫಿಲ್ಟರ್ ಮೇಲಿನ ಗೇಜು ಸೊನ್ನೆ. ಡ್ರಿಪ್ ಪೈಪು ಒಣಗಿ ಬಿಸಿಲಿಗೆ ಬಿಟ್ಟ ಹಾವಿನಪೊರೆ ಥರ ಬಿದ್ದಿತ್ತು. ಪ್ಯಾನಲ್ ಬಾಗಿಲು ತೆಗೆದರೆ ಸುಟ್ಟ ವಾಸನೆ, ಕಾಂಟ್ಯಾಕ್ಟರಿನ ಒಂದು ಪಾಯಿಂಟ್ ಕರ್ರಗೆ. ಹೊಸ ವರ್ಷನ್ನಿನ ಡಬ್ಬಿ ಮಾತ್ರ ಹಸಿರು ದೀಪ ಹಚ್ಕೊಂಡು ಆರಾಮಾಗಿತ್ತು. ಮೆಕ್ಯಾನಿಕ್ ಬಂದು ಮೆಗ್ಗರ್ ಹಚ್ಚಿ ನೋಡ್ದ. "ಅಣ್ಣ, ಅರ್ತ್ ಆಗೈತೆ, ಎತ್ತಲೇಬೇಕು" ಅಂದ. ಆರುನೂರೈವತ್ತು ಅಡಿ.

ಸಬ್‌ಮರ್ಸಿಬಲ್ ಮೋಟ್ರು ನೀರೊಳಗೇ ತಣ್ಣಗಾಗೋ ಯಂತ್ರ, ಅದರ ಪಂಪಿನ ಬುಷ್‌ಗೂ ನೀರೇ ಎಣ್ಣೆ. ನೀರಿಲ್ಲದೆ ಓಡಿದ್ರೆ ಉಳಿಯಲ್ಲ. ಇದು ನಿಮಗೆ ಹೇಳಿಕೊಡಬೇಕಾಗಿಲ್ಲ. ಡಬ್ಬಿ ಮಾಡಿದೋರಿಗೂ ಗೊತ್ತು, ಅದಕ್ಕೇ ಅದರಲ್ಲಿ ಡ್ರೈ ರನ್ ಅಂತ ಒಂದು ವ್ಯವಸ್ಥೆ ಇಟ್ಟಿರೋದು. ಆ ಡ್ರೈ ರನ್ ಭರವಸೆ ಮೇಲೇ ಅವರು ಡಬ್ಬಿ ಮಾರಿದ್ದು, ನಾನು ಕೊಂಡಿದ್ದು. ಅಪ್‌ಡೇಟ್ ಆದ ಮೇಲೆ ಅದು ಆಫ್. ಆಟೋ ಸ್ಟಾರ್ಟ್ ಮಾತ್ರ ಆನ್. ಮೋಟ್ರು ನಿಂತರೆ ಫೋನ್ ಮಾಡೋಕೆ ಇಟ್ಟಿದ್ದ ಎರಡು ನಂಬರ್, ನನ್ನದು ಮತ್ತು ಮನೆಯವರದು, ಅದೂ ಖಾಲಿ. ಹಾಗಾಗಿ ಯಾರಿಗೂ ಕರೆ ಬರಲಿಲ್ಲ.

ಈಗ ಆ ಸೆಟ್ಟಿಂಗ್ ಅಂದ್ರೆ ಏನು ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ಯಾಕಂದ್ರೆ ಕಂಪನಿಯೋರು ಫೋನಲ್ಲಿ "ಸೆಟ್ಟಿಂಗ್ ತಾನೇ ಸರ್, ಎರಡು ನಿಮಿಷದಲ್ಲಿ ಮತ್ತೆ ಹಾಕ್ಕೋಬಹುದು" ಅಂದ್ರು. ಟೈಪ್ ಮಾಡೋಕೆ ಎರಡು ನಿಮಿಷ ನಿಜ. ಏನು ಟೈಪ್ ಮಾಡಬೇಕು ಅನ್ನೋದಕ್ಕೆ ನನಗೆ ಹಿಡಿದದ್ದು ವರ್ಷಗಟ್ಟಲೆ.

ನನ್ನದು ಏಳೂವರೆ ಎಚ್‌ಪಿ. ನೀರು ತುಂಬಿ ಬರೋವಾಗ ಹದಿಮೂರೂವರೆ ಆಂಪ್ಸ್ ಎಳೀತದೆ. ನೀರು ಬಿಟ್ಟರೆ ಎಂಟೂವರೆಗೆ ಇಳೀತದೆ. ಡಬ್ಬಿ ಹಾಕಿಸಿದ 2021ರಲ್ಲಿ ಹುಡುಗ ಒಂಬತ್ತಕ್ಕೆ ಡ್ರೈ ರನ್ ಇಟ್ಟು ಹೋದ. ಹಗಲು ಪಾಳೀಲಿ ಸರಿಯಾಗೇ ನಿಲ್ಲೋದು. ರಾತ್ರಿ ಪಾಳೀಲಿ ನಿಲ್ಲುತ್ತಿರಲಿಲ್ಲ. ಯಾಕೆ ಅಂತ ಗೊತ್ತಾಗೋಕೆ ಒಂದು ಬೇಸಿಗೆ ಬೇಕಾಯ್ತು. ರಾತ್ರಿ ವೋಲ್ಟೇಜ್ ನಾನೂರ ನಲವತ್ತರ ಮೇಲೆ ಹೋಗುತ್ತೆ, ವೋಲ್ಟೇಜ್ ಏರಿದರೆ ಖಾಲಿ ಓಡೋ ಮೋಟ್ರಿನ ಆಂಪ್ಸ್ ಕೂಡ ಏರುತ್ತೆ, ಎಂಟೂವರೆ ಇದ್ದದ್ದು ಒಂಬತ್ತೂಕಾಲು ಆಗುತ್ತೆ. ಒಂಬತ್ತಕ್ಕೆ ಇಟ್ಟರೆ ಡಬ್ಬಿಗೆ ಬೋರು ಒಣಗಿದ್ದು ಕಾಣೋದೇ ಇಲ್ಲ. ಹತ್ತೂವರೆಗೆ ಏರಿಸಿದೆ. ಆಗ ನೀರಿನ ಜೊತೆ ಸ್ವಲ್ಪ ಗಾಳಿ ಬಂದ್ರೂ ಟ್ರಿಪ್ ಆಗೋದು. ಕೊನೆಗೆ ಹತ್ತು ಆಂಪ್ಸ್, ಎಂಟು ಸೆಕೆಂಡ್ ತಡ. ಅಷ್ಟೇ ಸಂಖ್ಯೆ. ಅದರ ಹಿಂದೆ ಟಾರ್ಚ್ ಹಿಡ್ಕೊಂಡು ಪ್ಯಾನಲ್ ಮುಂದೆ ಕೂತ ರಾತ್ರಿಗಳು ಎಷ್ಟು ಅಂತ ನಾನೇ ಮರೆತಿದ್ದೀನಿ.

ಆಮೇಲೆ ಬಿಡುವಿನ ಲೆಕ್ಕ. ಬೋರು ಬಿಟ್ಟ ಮೇಲೆ ಎಷ್ಟು ಹೊತ್ತಿಗೆ ಮತ್ತೆ ನೀರು ಕೂಡುತ್ತೆ ಅನ್ನೋದು. ನಮ್ಮೂರು ಹಿರಿಯೂರು ತಾಲ್ಲೂಕಿನಲ್ಲೇ ಇದ್ರೂ ಮಾರಿಕಣಿವೆ ಕಾಲುವೆ ನಮ್ಮ ಕಡೆ ಹತ್ತಲ್ಲ, ಬೋರೇ ಗತಿ. 2022ರಲ್ಲಿ ಆ ಪಾಟಿ ಮಳೆ ಆಗಿ, 89 ವರ್ಷದ ಮೇಲೆ ಮಾರಿಕಣಿವೆ ಕೋಡಿ ಬಿದ್ದಾಗ, ನನ್ನ ಬೋರು ಇಡೀ ಪಾಳಿ ನಿಲ್ಲದೆ ಕೊಡ್ತಿತ್ತು. ಬಿಡುವೇ ಬೇಕಿರಲಿಲ್ಲ. 2023ರ ಬರದಲ್ಲಿ ಮತ್ತೆ ಮೊದಲಿನ ಹಂಗೆ. ಅರ್ಧ ಗಂಟೆ ಬಿಡುವು ಕೊಟ್ಟರೆ ಹನ್ನೆರಡು ನಿಮಿಷ ನೀರು. ಐವತ್ತು ನಿಮಿಷ ಕೊಟ್ಟರೆ ಇಪ್ಪತ್ತೈದು ನಿಮಿಷ. ಎಪ್ಪತ್ತು ನಿಮಿಷ ಬಿಟ್ಟರೆ ಮೂವತ್ತೆಂಟು ನಿಮಿಷ. ಅದಕ್ಕಿಂತ ಜಾಸ್ತಿ ಬಿಟ್ಟರೂ ಲಾಭ ಇಲ್ಲ, ಪಾಳಿ ಮುಗಿದುಹೋಗುತ್ತೆ. ಬೇಸಿಗೆಗೆ ಎಪ್ಪತ್ತು, ಮಳೆಗಾಲ ಕಳೆದ ಮೇಲೆ ಮೂವತ್ತೈದು ಅಂತ ಎರಡು ಲೆಕ್ಕ ಇಟ್ಟಿದ್ದೆ. ಇದು ಯಾವ ಇಂಜಿನಿಯರೂ ಹೇಳೋ ಲೆಕ್ಕ ಅಲ್ಲ. ಪಕ್ಕದ ಹೊಲದ ಬೋರಿಗೇ ಇದು ಹೊಂದಲ್ಲ. ಈ ಭೂಮಿ, ಈ ಬೋರು, ಈ ಮೋಟ್ರು, ಈ ಲೈನಿನ ವೋಲ್ಟೇಜ್, ಇಷ್ಟೂ ಸೇರಿ ಹುಟ್ಟಿದ ಲೆಕ್ಕ.

ಇನ್ನೊಂದಿದೆ, ಅದು ನನ್ನೊಬ್ಬನದ್ದಲ್ಲ. ನಮ್ಮ ಟಿಸಿ ಮೇಲೆ ಆರು ಮೋಟ್ರು. ತ್ರೀಫೇಸ್ ಬಂದ ಕೂಡಲೇ ಆರೂ ಒಟ್ಟಿಗೆ ಎದ್ದರೆ ವೋಲ್ಟೇಜ್ ಕುಸಿದು ಫ್ಯೂಸ್ ಹಾರುತ್ತೆ. ಮೂರು ವರ್ಷದ ಹಿಂದೆ ಇದೇ ವಿಷಯಕ್ಕೆ ಅಣ್ಣ ತಮ್ಮಂದಿರಂಥೋರ ನಡುವೆ ಮಾತು ಬೆಳೆದು, ಕೊನೆಗೆ ಹುಣಸೇಮರದ ಕಟ್ಟೆ ಮೇಲೆ ಕೂತು ಸರದಿ ಮಾಡ್ಕೊಂಡ್ವಿ. ಕರೆಂಟ್ ಬಂದು ಎರಡು ನಿಮಿಷಕ್ಕೆ ಒಬ್ಬರದು, ನಾಲ್ಕಕ್ಕೆ ನಂದು, ಆರಕ್ಕೆ ಇನ್ನೊಬ್ಬರದು, ಹಿಂಗೆ. ಮೊಬೈಲ್ ಸ್ಟಾರ್ಟರ್ ಇರೋ ಮೂವರು ಡಬ್ಬಿಗೇ ಆ ತಡ ಹಾಕಿದ್ವಿ. ಮೂವರದ್ದೂ ಒಂದೇ ಕಂಪನಿ ಡಬ್ಬಿ. ಆ ವಾರದಲ್ಲೇ ಅವರಿಬ್ಬರದ್ದೂ ಅಪ್‌ಡೇಟ್ ಆಯ್ತು. ಎಲ್ಲರದ್ದೂ ಫ್ಯಾಕ್ಟರಿ ಲೆಕ್ಕಕ್ಕೆ ಬಂದು ಕೂತ್ಕೊಂತು, ಹತ್ತು ಸೆಕೆಂಡ್. ನನ್ನ ಮೋಟ್ರು ಸುಟ್ಟ ಮೂರನೇ ದಿನ ಅವರದ್ದೆರಡೂ, ಜೊತೆಗೆ ಹಳೇ ಸ್ಟಾರ್ಟರಿನ ಇನ್ನೊಂದು, ಒಂದೇ ಉಸಿರಿಗೆ ಎದ್ದವು. ಫ್ಯೂಸ್ ಹಾರ್ತು. "ನೀನೇನೋ ಸರದಿ ತಪ್ಪಿಸಿರೋದು" ಅಂತ ಇಬ್ಬರು ಮುಖ ಕೆಂಪು ಮಾಡ್ಕೊಂಡು ನಿಂತಿದ್ರು. ಯಾರೂ ತಪ್ಪಿಸಿರಲಿಲ್ಲ. ನಾವು ಕಟ್ಟೆ ಮೇಲೆ ಕೂತು ಮಾಡಿದ ಒಪ್ಪಂದವನ್ನ, ನಮ್ಮೂರು ಎಲ್ಲಿದೆ ಅಂತಲೂ ಗೊತ್ತಿಲ್ಲದ ಯಾರೋ ರಾತ್ರೋರಾತ್ರಿ ರದ್ದು ಮಾಡಿದ್ರು. ಇದನ್ನ ಅವರು ಸೆಟ್ಟಿಂಗ್ ಅಂತಾರೆ.

ಸಹಾಯವಾಣಿಯಲ್ಲಿ ಮಾತಾಡಿದ್ದು ಒಬ್ಬ ಹುಡುಗಿ. ಪಾಪ, ಅವಳ ತಪ್ಪೇನಿಲ್ಲ, ಮೊದಲೇ ಹೇಳಿಬಿಡ್ತೀನಿ.

"ಸರ್, ಅಪ್‌ಡೇಟ್ ಆದ್ಮೇಲೆ ತಾವು ಒಂದ್ಸಲ ಸೆಟ್ಟಿಂಗ್ ಚೆಕ್ ಮಾಡ್ಕೋಬೇಕಿತ್ತು ಸರ್."

"ಅಪ್‌ಡೇಟ್ ಆಗಿದ್ದು ರಾತ್ರಿ ಒಂದೂವರೆಗೆ ಕಣಮ್ಮ. ಆಗುತ್ತೆ ಅಂತ ನನಗೆ ಯಾರೂ ಹೇಳಲಿಲ್ಲ. ನಾನು ಮಲಗಿದ್ದೆ."

"ಅದು ಸಿಸ್ಟಮ್ ಕಡೆಯಿಂದ ಆಟೋಮ್ಯಾಟಿಕ್ ಆಗುತ್ತೆ ಸರ್. ಷರತ್ತಿನಲ್ಲಿ ಇದೆ ಸರ್."

"ನನ್ನ ಹಳೇ ನಂಬರ್‌ಗಳು ನಿಮ್ಮ ಕಂಪ್ಯೂಟರಿನಲ್ಲಿ ಇಲ್ವಾ?"

"ಡಿವೈಸ್ ಸೆಟ್ಟಿಂಗ್ ನಮ್ಮತ್ರ ಸೇವ್ ಆಗಲ್ಲ ಸರ್."

ಇಲ್ಲಿ ನನಗೆ ನಿಜವಾಗಿ ಕೋಪ ಬಂತು. ನಾನು ಮೋಟ್ರು ಎಷ್ಟು ಹೊತ್ತಿಗೆ ಹಾಕಿದೆ, ಎಷ್ಟು ಗಂಟೆ ಓಡಿಸಿದೆ, ಎಷ್ಟು ಯೂನಿಟ್ ಆಯ್ತು, ಇದೆಲ್ಲ ಅವರ ಆಪ್‌ನಲ್ಲಿ ತಿಂಗಳು ತಿಂಗಳ ಲೆಕ್ಕ ಸಮೇತ ಇದೆ. ಬಣ್ಣ ಬಣ್ಣದ ಪಟ್ಟಿ ಹಾಕಿ ತೋರಿಸ್ತಾರೆ. ಅವರಿಗೆ ಬೇಕಾದ್ದೆಲ್ಲ ಉಳಿದಿದೆ. ನನಗೆ ಬೇಕಾಗಿದ್ದ ಹತ್ತು ಹನ್ನೆರಡು ಸಂಖ್ಯೆ ಮಾತ್ರ ಉಳಿಸೋಕೆ ಜಾಗ ಸಾಲಲಿಲ್ಲ!

ಷರತ್ತಿನ ಮಾತು. ಹೌದು, ಆಪ್ ಹಾಕ್ಕೊಳ್ಳೋವಾಗ ಏನೋ ಒಂದು ಉದ್ದದ ಇಂಗ್ಲಿಷ್ ಕಾಗದ ಬಂತು, ಕೆಳಗೆ "ಒಪ್ಪಿದೆ" ಅಂತ ಇತ್ತು, ಒತ್ತಿದೆ. ಒತ್ತದಿದ್ರೆ ಮುಂದಕ್ಕೇ ಹೋಗಲ್ಲ. ಅಂಗಡಿಯೋರು ಕನ್ನಡದಲ್ಲಿ ಮಾತಾಡಿ ಮಾರಿದ್ರು, ಹಾಕೋಕೆ ಬಂದ ಹುಡುಗ ಕನ್ನಡದಲ್ಲಿ ಹೇಳಿಕೊಟ್ಟ, ಜಾಹೀರಾತು ಕನ್ನಡದಲ್ಲೇ ಇತ್ತು. ನನ್ನ ಹಕ್ಕು ಕಳೆಯೋ ಕಾಗದ ಮಾತ್ರ ಇಂಗ್ಲಿಷಲ್ಲಿ.

ನಮ್ಮ ತಂಗಿ ಮಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಶಿವರಾತ್ರಿಗೆ ಬಂದಿದ್ದ, ಮೋಟ್ರು ಎತ್ತೋವಾಗ ಪೈಪು ಹಿಡಿಯೋಕೂ ನಿಂತಿದ್ದ. ಅವನನ್ನ ಕೇಳಿದೆ, ಹಿಂಗ್ಯಾಕಾಗುತ್ತೆ ಅಂತ. "ಮಾವ, ಆ ಡಬ್ಬಿ ಒಳಗೆ ನಾನು ನೋಡಿಲ್ಲ, ಆದ್ರೆ ಸಾಮಾನ್ಯವಾಗಿ ಹಿಂಗಾಗೋದು" ಅಂತ ಹೇಳಿದ. ಡಬ್ಬಿಯ ಚಿಪ್ಪಿನಲ್ಲಿ ಕರೆಂಟ್ ಹೋದ್ರೂ ಉಳಿಯೋ ಒಂದು ಜಾಗ ಇರುತ್ತೆ. ಗೋಡೆ ಗೂಡು ಇದ್ದಂಗೆ. ಮೊದಲನೇ ಗೂಡಲ್ಲಿ ಡ್ರೈ ರನ್, ಎರಡನೇದರಲ್ಲಿ ಓವರ್‌ಲೋಡ್, ಮೂರನೇದರಲ್ಲಿ ತಡ, ಹಿಂಗೆ ಸಾಲಾಗಿ. ಹೊಸ ವರ್ಷನ್ನಿನಲ್ಲಿ ಏನೋ ಒಂದು ಹೊಸ ವಿಷಯ ಸೇರಿಸಿದಾಗ ಗೂಡುಗಳ ಸಾಲೇ ಬದಲಾಗುತ್ತೆ. ಹಳೇ ಗೂಡಿನ ಸಂಖ್ಯೆಯನ್ನ ಹೊಸ ಪ್ರೋಗ್ರಾಮ್ ಓದಿದ್ರೆ ಅದಕ್ಕೆ ಅರ್ಥ ಆಗಲ್ಲ. ಆಗ ಸರಿಯಾದ ಕೆಲಸ ಅಂದ್ರೆ, ಹಳೇ ಸಾಲಿನಿಂದ ಒಂದೊಂದೇ ತೆಗೆದು ಹೊಸ ಸಾಲಿನಲ್ಲಿ ಅದರದರ ಜಾಗದಲ್ಲಿ ಇಡೋದು. ಇದಕ್ಕೆ ಮೈಗ್ರೇಷನ್ ಅಂತಾರಂತೆ. ಮನೆ ಬದಲಾಯಿಸೋವಾಗ ಸಾಮಾನು ಸಾಗಿಸೋ ಕೆಲಸ. ಸುಲಭದ ಕೆಲಸ ಅಂದ್ರೆ, ಹಳೇದೆಲ್ಲ ಬಾಚಿ ಬಿಸಾಕಿ, ಫ್ಯಾಕ್ಟರಿ ಲೆಕ್ಕ ತುಂಬಿಬಿಡೋದು.

"ಕಷ್ಟದ ಕೆಲಸನಾ ಅದು?" ಅಂದೆ.

"ಒಬ್ಬ ಹುಡುಗನಿಗೆ ಒಂದೆರಡು ದಿನದ್ದು ಮಾವ. ಪರೀಕ್ಷೆ ಮಾಡೋಕೆ ಇನ್ನೊಂದೆರಡು ದಿನ. ಬ್ಯಾಂಕಿನ ಸಾಫ್ಟ್‌ವೇರಲ್ಲಿ ಹಿಂಗೆ ಗ್ರಾಹಕರ ಲೆಕ್ಕ ಅಳಿಸಿದ್ರೆ ಮಾರನೇ ದಿನ ಕೆಲಸ ಇರಲ್ಲ."

ಅಂದ್ರೆ ಇದು ದೇವರಾಟ ಅಲ್ಲ, ಸಿಡಿಲಲ್ಲ. ಮಾಡಬಹುದಾಗಿದ್ದ ನಾಲ್ಕು ದಿನದ ಕೆಲಸವನ್ನ ಮಾಡದೆ ಬಿಟ್ಟಿದ್ದು. ಆ ಉಳಿತಾಯ ಅವರಿಗೆ. ಖರ್ಚು ನನಗೆ. ಲೆಕ್ಕ ಬರೆದಿಟ್ಟಿದ್ದೀನಿ: ಮೋಟ್ರು ಎತ್ತೋಕೆ ಇಳಿಸೋಕೆ 9,000, ವೈಂಡಿಂಗ್ 11,500, ಬೇರಿಂಗ್ ಬುಷ್ 4,200, ಎಂಟು ಟ್ಯಾಂಕರ್ ನೀರಿಗೆ 7,200. ಒಟ್ಟು 31,900 ರೂಪಾಯಿ. ಡಬ್ಬಿಯ ಬೆಲೆಗಿಂತ ಎಷ್ಟೋ ಪಟ್ಟು ಜಾಸ್ತಿ.

ಹಣ್ಣಿನದ್ದು ಬೇರೆ. ಎಂಟು ದಿನ ಡ್ರಿಪ್ ನಿಂತಿತ್ತು, ಟ್ಯಾಂಕರ್ ನೀರು ಗಿಡದ ಬಾಯಿ ಒದ್ದೆ ಮಾಡೋಕೆ ಆಯ್ತು ಅಷ್ಟೆ. ಒಂಬತ್ತನೇ ದಿನ ಮೋಟ್ರು ಇಳಿದ ಖುಷಿಗೆ, ಗಿಡ ಬಾಡಿವೆ ಅನ್ನೋ ಸಂಕಟಕ್ಕೆ, ನಾನು ಎರಡು ದಿನ ಜಾಸ್ತಿ ನೀರು ಬಿಟ್ಟೆ. ಅದು ನನ್ನ ತಪ್ಪು, ಒಪ್ಕೋತೀನಿ. ಒಣಗಿದ ಭೂಮಿಗೆ ಒಮ್ಮೆಲೇ ನೀರು ಕುಡಿಸಿದ್ರೆ ದಾಳಿಂಬೆ ಸಿಪ್ಪೆ ತಡೆಯಲ್ಲ, ಬಿರೀತದೆ. ನಾನೇ ಎಷ್ಟು ಜನಕ್ಕೆ ಹೇಳಿಲ್ಲ. ಎರಡನೇ ಬ್ಲಾಕಿನಲ್ಲಿ ಇಪ್ಪತ್ತು ಗಿಡ ಎಣಿಸಿದೆ, ನೂರ ನಲವತ್ತು ಹಣ್ಣು ಒಡೆದಿದ್ವು. ನಿಮಗ್ಯಾರಿಗಾದ್ರೂ ಹೀಗೆ ನೀರು ನಿಂತು ಮತ್ತೆ ಶುರುವಾದ್ರೆ ದಯವಿಟ್ಟು ದಿನಾ ಸ್ವಲ್ಪ ಸ್ವಲ್ಪವೇ ಕೊಟ್ಟು ನಾಲ್ಕೈದು ದಿನದಲ್ಲಿ ಮಾಮೂಲಿಗೆ ತನ್ನಿ.

ಈ ಕಥೆ ಕೇಳಿದ ನಮ್ಮ ದೊಡ್ಡಪ್ಪ ನಕ್ಕರು. ಅವರ ಬಾವಿ ಪಕ್ಕದ ಸ್ಟಾರ್ಟರಿಗೆ ಇಪ್ಪತ್ತೈದು ವರ್ಷ. ಒಳಗೆ ಓವರ್‌ಲೋಡ್ ರಿಲೇಗೆ ಒಂದು ತಿರುಪು ಇದೆ. ಯಾವಾಗಲೋ ಒಬ್ಬ ಮೆಕ್ಯಾನಿಕ್ ಸರಿಯಾದ ಜಾಗಕ್ಕೆ ತಿರುಗಿಸಿ, ಉಗುರಿಗೆ ಹಚ್ಚೋ ಬಣ್ಣದಲ್ಲಿ ಒಂದು ಗೆರೆ ಎಳೆದು ಹೋದ. ಆ ಗೆರೆ ಇನ್ನೂ ಹಾಗೇ ಇದೆ. "ನಂದು ಯಾವನು ಬಂದು ಅಳಿಸ್ತಾನೋ ನೋಡೋಣ" ಅಂದ್ರು. "ನೀನೂ ಆ ಡಬ್ಬಿ ಕಿತ್ತು ಬಿಸಾಕು."

ಇಲ್ಲಿ ನಾನು ದೊಡ್ಡಪ್ಪನ ಮಾತು ಒಪ್ಪಲ್ಲ. ನಿಮ್ಮಲ್ಲೂ ಕೆಲವರು ಇದನ್ನೇ ಅಂತೀರಿ ಅಂತ ಗೊತ್ತು. ಈ ಡಬ್ಬಿ ಬರೋ ಮುಂಚೆ ರಾತ್ರಿ ಪಾಳಿ ಅಂದ್ರೆ ಹನ್ನೊಂದಕ್ಕೊಮ್ಮೆ, ಎರಡಕ್ಕೊಮ್ಮೆ, ನಾಲ್ಕಕ್ಕೊಮ್ಮೆ ಎದ್ದು ಹೊಲಕ್ಕೆ ಹೋಗ್ತಿದ್ವಿ. ಹಾವು, ಹಂದಿ, ಗುಡ್ಡದ ಕಡೆ ಹೊಲ ಇದ್ರೆ ಕರಡಿ. ಬದುವಿನ ಮೇಲೆ ಕಾಲು ಜಾರಿ ಮಂಡಿ ಮುರ್ಕೊಂಡೋರು ಎಷ್ಟು ಜನ. ಮನೇಲಿ ಮಲಗಿದ್ದ ಕಡೆಯಿಂದ ಮೋಟ್ರು ನಿಲ್ಲಿಸೋದು ಸಣ್ಣ ವಿಷಯ ಅಲ್ಲ. ನನಗೆ ಡಬ್ಬಿ ಬೇಕು. ಅಪ್‌ಡೇಟೂ ಬೇಕು. ಹೋದ ವರ್ಷ ಇದೇ ಡಬ್ಬಿ ಸಿಂಗಲ್ ಫೇಸ್ ಬಂದಾಗ ಸುಮ್ಮಸುಮ್ಮನೆ ಕರೆ ಮಾಡ್ತಿತ್ತು, ಒಂದು ಅಪ್‌ಡೇಟ್ ಆದ ಮೇಲೆ ಅದು ನಿಂತೋಯ್ತು. ಆಗ ಒಂದು ಸೆಟ್ಟಿಂಗೂ ಹೋಗಿರಲಿಲ್ಲ. ಅಂದ್ರೆ ಸರಿಯಾಗಿ ಮಾಡೋದು ಅವರಿಗೂ ಗೊತ್ತು.

ನನ್ನ ಜಗಳ ಇರೋದು ಒಂದು ವಿಷಯಕ್ಕೆ, ಅದನ್ನ ಬಿಡಿಸಿ ಹೇಳ್ತೀನಿ. ಒಬ್ಬ ಹೊಸ ಆಳನ್ನ ತೋಟಕ್ಕೆ ಇಟ್ಕೊಂಡ್ರೆ, ಅವನಿಗೆ ಯಾವ ಗೇಟ್‌ವಾಲ್ವ್ ತಿರುಗಿಸಬೇಕು ಅಂತ ಗೊತ್ತಿಲ್ಲದಿದ್ರೆ ಏನು ಮಾಡ್ತಾನೆ? ಸುಮ್ಮನೆ ನಿಂತು ನಮ್ಮನ್ನ ಕೇಳ್ತಾನೆ. ಗೊತ್ತಿಲ್ಲ ಅಂತ ಎಲ್ಲಾ ವಾಲ್ವ್ ತೆಗೆದು ಮನೆಗೆ ಹೋಗಲ್ಲ. ಈ ಡಬ್ಬಿ ಮಾಡಿದ್ದು ಅದನ್ನೇ. ತನಗೆ ಡ್ರೈ ರನ್ ಲೆಕ್ಕ ಗೊತ್ತಿಲ್ಲ, ಬಿಡುವು ಗೊತ್ತಿಲ್ಲ, ಯಜಮಾನನ ಫೋನ್ ನಂಬರೂ ಗೊತ್ತಿಲ್ಲ. ಏನೂ ಗೊತ್ತಿಲ್ಲದಾಗ ಮಾಡಬೇಕಾದ್ದು ಮೋಟ್ರು ನಿಲ್ಲಿಸಿ ಕೂರೋದು. ಅದು ಮಾಡಿದ್ದು ಮೋಟ್ರು ಶುರು ಮಾಡೋದು. ಸೆಟ್ಟಿಂಗ್ ಅಳಿಸಿದ್ದು ಸೋಮಾರಿತನ ಅಂದ್ಕೊಂಡು ಕ್ಷಮಿಸಬಹುದೇನೋ. ಅಳಿಸಿದ ಮೇಲೂ ಆಟೋ ಆನ್, ಡ್ರೈ ರನ್ ಆಫ್ ಅಂತ ಫ್ಯಾಕ್ಟರಿ ಲೆಕ್ಕ ಇಟ್ಟವನು ಒಂದು ದಿನವೂ ಬೋರಿನ ಮುಂದೆ ನಿಂತವನಲ್ಲ. ಆವತ್ತು ಮೋಟ್ರು ಓಡದೆ ಸುಮ್ಮನೆ ನಿಂತಿದ್ದರೆ ನನಗೆ ಹೋಗ್ತಿದ್ದದ್ದು ಒಂದು ಪಾಳಿ ನೀರು.

ಹಳೇ ದಾಖಲೆ ಉಳಿಸಿ ಹೊಸದಕ್ಕೆ ಹೋಗೋದು ನಮಗೇನು ಹೊಸದಲ್ಲ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದು ಕೈಬರಹದ ಪಹಣಿ ಕಂಪ್ಯೂಟರಿಗೆ ಏರ್ತಲ್ಲ, ಆಗ ಕಂಪ್ಯೂಟರು ಶುರು ಆಗಿದ್ದು ಹಳೇ ಪುಸ್ತಕದಲ್ಲಿ ಇದ್ದದ್ದನ್ನ ಒಂದೊಂದೇ ಸಾಲು ನೋಡಿ ತುಂಬಿಸಿ. ಎಲ್ಲರ ಹೆಸರೂ ಅಳಿಸಿ, "ನಿಮ್ಮ ಸರ್ವೆ ನಂಬರು ಮತ್ತೆ ನೀವೇ ಹಾಕ್ಕೊಳ್ಳಿ, ಎರಡು ನಿಮಿಷದ ಕೆಲಸ" ಅಂದಿದ್ರೆ ಊರು ಸುಮ್ಮನೆ ಇರ್ತಿತ್ತಾ?

ಈ ಹೊತ್ತಿನಲ್ಲಿ ಅಮೆರಿಕದ ರೈತರ ಸುದ್ದಿ ಒಂದು ನೆನಪಾಗುತ್ತೆ. ಅಲ್ಲಿ ಟ್ರ್ಯಾಕ್ಟರಿನ ಸಾಫ್ಟ್‌ವೇರ್ ಕಂಪನಿ ಕೈಲೇ ಇರೋದ್ರಿಂದ ತಮ್ಮ ಟ್ರ್ಯಾಕ್ಟರ್ ತಾವೇ ರಿಪೇರಿ ಮಾಡ್ಕೊಳ್ಳೋಕಾಗದೆ ಜಗಳಕ್ಕೆ ನಿಂತ್ರು. ಕೊಲೊರಾಡೊ ಅನ್ನೋ ರಾಜ್ಯ 2023ರಲ್ಲಿ ಕಾನೂನೇ ಮಾಡ್ತು, 2024ರ ಜನವರಿ 1ರಿಂದ ಜಾರಿಗೆ ಬಂತು. ಕೃಷಿ ಯಂತ್ರ ಮಾರೋರು ಬಿಡಿಭಾಗ, ಕೈಪಿಡಿ, ಸಾಫ್ಟ್‌ವೇರ್ ಸಮೇತ ರಿಪೇರಿಗೆ ಬೇಕಾದ್ದನ್ನ ರೈತರಿಗೆ ಕೊಡಬೇಕು ಅಂತ. ನಮ್ಮಲ್ಲೂ 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿದಾಗ ಮೊದಲು ಆರಿಸಿಕೊಂಡ ವಿಭಾಗಗಳಲ್ಲಿ ಕೃಷಿ ಉಪಕರಣವೂ ಇತ್ತು. ಆ ಮಾತಿನಲ್ಲಿ ನಮ್ಮ ಸ್ಟಾರ್ಟರ್ ಡಬ್ಬಿಯಂಥ ಸಣ್ಣ ಸಾಮಾನೂ ಸೇರಬೇಕು. ದೊಡ್ಡ ಟ್ರ್ಯಾಕ್ಟರ್ ಎಲ್ಲರ ಮನೇಲೂ ಇಲ್ಲ. ಬೋರು ಇದ್ದಲ್ಲೆಲ್ಲ ಸ್ಟಾರ್ಟರ್ ಇದೆ.

"ನಾವು ರೈತರು, ನಮ್ಮ ಮಾತು ಯಾರು ಕೇಳ್ತಾರೆ" ಅನ್ನೋರಿಗೆ ಒಂದು ವಿಷಯ. 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಬೀಜ ಕೊಂಡ ರೈತ ಗ್ರಾಹಕನೇ, ಗ್ರಾಹಕ ವೇದಿಕೆಗೆ ಹೋಗಬಹುದು ಅಂತ ಹೇಳಿದೆ. ಈಗಿರೋ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ದೋಷ ಇರೋ ಉತ್ಪನ್ನದಿಂದ ಆದ ಹಾನಿಗೆ ತಯಾರಕ ಹೊಣೆ ಅನ್ನೋದಕ್ಕೇ ಒಂದು ಪ್ರತ್ಯೇಕ ಅಧ್ಯಾಯ ಇದೆ. ಐದು ಲಕ್ಷದವರೆಗಿನ ಬೆಲೆಯ ಸಾಮಾನಾದ್ರೆ ಜಿಲ್ಲಾ ಆಯೋಗದಲ್ಲಿ ದೂರಿಗೆ ಶುಲ್ಕ ಇಲ್ಲ, ವಕೀಲರೇ ಬೇಕು ಅಂತಲೂ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನಾನು ಮಾಡಿದ್ದೀನಿ. ಬಿಲ್ಲು ಇಟ್ಕೊಂಡಿರಬೇಕು ಅಷ್ಟೆ. ವೈಂಡಿಂಗ್ ಅಂಗಡಿಯೋರ ಹತ್ರನೂ, ಮೋಟ್ರು ಎತ್ತಿದೋರ ಹತ್ರನೂ ಕೈಬರಹದಲ್ಲಾದ್ರೂ ಒಂದು ಚೀಟಿ ಬರೆಸ್ಕೊಂಡಿದ್ದೀನಿ, ಸಹಿ ಸಮೇತ.

ದೂರಿನಲ್ಲಿ ನಾನು ಕೇಳಿರೋದು ಬರೀ ದುಡ್ಡಲ್ಲ. ನನ್ನ ಕೈಯಾರೆ ಒಪ್ಪಿಗೆ ಒತ್ತದೆ ಅಪ್‌ಡೇಟ್ ಹಾಕಬಾರದು. ಹಾಕೋ ಮುಂಚೆ ಹಳೇ ಸೆಟ್ಟಿಂಗ್ ಅಷ್ಟೂ ನನ್ನ ಫೋನಿಗೆ ಮೆಸೇಜ್ ಬರಬೇಕು, ಕನ್ನಡದಲ್ಲಿ. ಹಾಕಿದ ಮೇಲೆ ಒಂದೇ ಒಂದು ಸಂಖ್ಯೆ ಬದಲಾಗಿದ್ರೂ ನಾನು ನೋಡಿ ಸರಿ ಅನ್ನೋವರೆಗೆ ಮೋಟ್ರು ಏಳಬಾರದು. ತಂಗಿ ಮಗ ಅಂದ, "ಇದರಲ್ಲಿ ಆಗದೇ ಇರೋದು ಒಂದೂ ಇಲ್ಲ ಮಾವ."

ಸರಿ, ನನ್ನ ಸಂಖ್ಯೆಗಳು ನನಗೆ ಮತ್ತೆ ಹೇಗೆ ಸಿಕ್ವು ಅಂತ ಕೇಳಿ. ನಾನು ಎಲ್ಲೂ ಬರೆದಿಟ್ಟಿರಲಿಲ್ಲ. ಡಬ್ಬೀಲಿ ಇದೆಯಲ್ಲ ಅಂತ ಧೈರ್ಯ. ಟಿಸಿ ಜಗಳ ಆದ ಸಂಜೆ, ಮುಖ ಕೆಂಪು ಮಾಡ್ಕೊಂಡು ನಿಂತಿದ್ರಲ್ಲ, ಅವರಲ್ಲೊಬ್ಬರು ಮನೆಗೆ ಬಂದ್ರು. "ಅಣ್ಣ, ಎರಡು ವರ್ಷದ ಹಿಂದೆ ನಾನು ಡಬ್ಬಿ ಹಾಕಿಸಿದಾಗ ನೀನು ನಿಂದು ಸೆಟ್ಟಿಂಗ್ ಫೋಟೋ ಹೊಡೆದು ಕಳಿಸಿದ್ದೆ, ಇಲ್ನೋಡು" ಅಂತ ಫೋನ್ ತೋರಿಸಿದ್ರು. ಕೆಳಗೆ ಮೊಮ್ಮಗನ ನಾಮಕರಣದ ಫೋಟೋ, ಮೇಲೆ ಅಡಿಕೆ ರೇಟು, ನಡುವೆ ನನ್ನ ಹತ್ತು ಆಂಪ್ಸ್, ಎಂಟು ಸೆಕೆಂಡ್. ಮಳೆಗಾಲದ ಬಿಡುವು ಮೂವತ್ತೈದು ಅಂತ ಇತ್ತು, ಬೇಸಿಗೆದ್ದು ಇರಲಿಲ್ಲ. ಎಪ್ಪತ್ತು ಅನ್ನೋದು ನನಗೆ ನೆನಪಿತ್ತು.

ಈಗ ಪ್ಯಾನಲ್ ಬಾಗಿಲ ಒಳಗಡೆ ಒಂದು ರಟ್ಟಿನ ಮೇಲೆ ಎಲ್ಲ ಬರೆದು, ಪ್ಲಾಸ್ಟಿಕ್ ಹಾಕಿ ಅಂಟಿಸಿದ್ದೀನಿ. ನೀರು ತುಂಬಿದಾಗಿನ ಆಂಪ್ಸ್, ಒಣಗಿದಾಗಿನದ್ದು ಹಗಲೊಂದು ರಾತ್ರಿಯೊಂದು, ಡ್ರೈ ರನ್, ತಡ, ಬಿಡುವು ಎರಡೂ ಕಾಲದ್ದು, ಓವರ್‌ಲೋಡ್, ಸರದಿ ನಿಮಿಷ, ಫೋನ್ ನಂಬರ್‌ಗಳು, ಕೊನೇ ಸಲ ನೋಡಿದ ತಾರೀಕು. ಅದರ ಒಂದು ಪ್ರತಿ ಮನೆಯವರ ಡೈರಿ ಪುಸ್ತಕದಲ್ಲಿದೆ. ಡಬ್ಬಿಯ ಸಿಮ್ಮಿಗೆ ಇಂಟರ್‌ನೆಟ್ ಬಂದ್ ಮಾಡಿಸಿದ್ದೀನಿ, ಈಗ ಬರೀ ಕರೆ, ಮೆಸೇಜು. ಆಪ್‌ನಲ್ಲಿ ಬಣ್ಣದ ಪಟ್ಟಿ ಬರಲ್ಲ, ಬೇಡ ಬಿಡಿ. ಕಟಾವು ಮುಗಿಯೋವರೆಗೆ ಹೀಗೇ ಇರಲಿ. ನಿಮ್ಮ ಡಬ್ಬಿ ಮೆಸೇಜಿನಲ್ಲಿ ಕೆಲಸ ಮಾಡುತ್ತಾ ಅಂತ ಮೊದಲು ನೋಡ್ಕೊಂಡು ಆಮೇಲೆ ಬಂದ್ ಮಾಡಿಸಿ. ಎಲ್ಲವೂ ಮಾಡಲ್ಲ.

ನಮ್ಮ ಆಸುಪಾಸಿನ ಊರುಗಳಲ್ಲಿ ಇಂಥ ಡಬ್ಬಿ ಇರೋರು, ಫೆಬ್ರವರಿ ಕೊನೇ ವಾರದಲ್ಲಿ ಅಪ್‌ಡೇಟ್ ಆಗಿ ಲೆಕ್ಕ ಹೋದೋರು, ಮೋಟ್ರು ಸುಟ್ಟಿರಲಿ ಬಿಡಲಿ, ಭಾನುವಾರ ಸಂಜೆ ಐದಕ್ಕೆ ನಮ್ಮ ಹುಣಸೇಮರದ ಕಟ್ಟೆಗೆ ಬನ್ನಿ. ಡಬ್ಬಿ ಬಿಲ್ಲು, ಖರ್ಚಿನ ಚೀಟಿ, ಫೋನು ತನ್ನಿ. ಫೋನಿನ ಆಪ್‌ನಲ್ಲಿ ಅಪ್‌ಡೇಟ್ ಆದ ತಾರೀಕು, ಗಂಟೆ ಎಲ್ಲಿ ಸಿಗುತ್ತೆ ಅಂತ ತೋರಿಸ್ತೀನಿ. ಇಲ್ಲಿವರೆಗೆ ಏಳು ಜನ ಸಿಕ್ಕಿದ್ದಾರೆ, ನನ್ನನ್ನೂ ಸೇರಿ ಇಬ್ಬರದ್ದು ಮೋಟ್ರು ಹೋಗಿದೆ. ದೂರು ಬೇರೆ ಬೇರೆ ಹಾಕೋದಾ, ಒಟ್ಟಿಗಾ ಅಂತ ಅವತ್ತು ಕೂತು ಮಾತಾಡೋಣ. ಆ ವಾರ ನಮಗೆ ಹಗಲು ಪಾಳಿ, ಆರು ಗಂಟೆಗೆ ಕರೆಂಟ್ ಹೋಗುತ್ತೆ, ಅಷ್ಟರೊಳಗೆ ಬಂದ್ರೆ ಬೋರಿನ ಹತ್ರ ಹೋಗಿ ಆಂಪ್ಸ್ ನೋಡೋದು ಹೇಗೆ ಅಂತಲೂ ನೋಡಬಹುದು.